ಬ್ಯಾಟರಿ ಕೊನೆಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಅಲಮೀಡಾ, ಬರ್ಕ್ಲಿ, ರೆಡ್‌ವುಡ್ ಸಿಟಿ ಕಡೆಯ ಮರೀನಾಗಳಲ್ಲಿ (ದೋಣಿ ಕಟ್ಟುವ ತಂಗುದಾಣಗಳಲ್ಲಿ) ಮೂವತ್ತು-ನಲವತ್ತು ವರ್ಷ ಹಳೆಯ ಹಾಯಿದೋಣಿಗಳು ಎಷ್ಟೋ ಸಲ ಹಳೆಯ ಕಾರಿಗಿಂತ ಅಗ್ಗಕ್ಕೆ ಸಿಗುತ್ತವೆ. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಕಡೆಯವರಿಗೂ ಈ ಹುಚ್ಚು ಹತ್ತುವುದುಂಟು. ಮಾರುವವರ ಜಾಹೀರಾತಿನಲ್ಲಿ ಈಚೆಗೆ ಒಂದು ಸಾಲು ಖಾಯಂ ಆಗಿಬಿಟ್ಟಿದೆ: ಎಲೆಕ್ಟ್ರಿಕಲ್ ಅಪ್‌ಗ್ರೇಡ್ ಆಗಿದೆ, ಹೊಸ ಲಿಥಿಯಂ ಬ್ಯಾಟರಿ. ಒಳಗಿಳಿದು ಸ್ವಿಚ್ ಪ್ಯಾನೆಲ್‌ನ ನಾಲ್ಕು ಸ್ಕ್ರೂ ಬಿಚ್ಚಿ ಟಾರ್ಚ್ ಹಾಕಿದರೆ ಕಾಣುವುದೇ ಬೇರೆ. ಬ್ಯಾಟರಿ ನಿಜಕ್ಕೂ ಹೊಸದು. ಅದಕ್ಕೆ ಸಿಕ್ಕಿಸಿರುವ ವೈರು ದೋಣಿ ಹುಟ್ಟಿದ ವರ್ಷದ್ದು. ನಡುವೆ ಹಿಂದಿನ ಮಾಲೀಕರೆಲ್ಲ ತಲಾ ಒಂದೊಂದು ಎಳೆ ಸೇರಿಸಿ ಹೋಗಿದ್ದಾರೆ. ಎಲ್ಲಿಗೂ ಹೋಗದ ವೈರು, ಎಲ್ಲಿಂದಲೋ ಬರುವ ವೈರು, ಮನೆಯ ವೈರಿಂಗಿಗೆ ಬಳಸುವ ಟೇಪು ಸುತ್ತಿ ಅಂಟು ಜಾರಿದ ಜಾಯಿಂಟುಗಳು.

ಇದು ಯಾಕೆ ಹೀಗೆ ಅನ್ನುವುದು ಅರ್ಥವಾಗದ್ದೇನಲ್ಲ. ಬ್ಯಾಟರಿ ಒಂದು ಮಧ್ಯಾಹ್ನದಲ್ಲಿ ಕೊಂಡು ಕೂರಿಸಬಹುದಾದ ವಸ್ತು. ವೈರು ಬದಲಿಸುವುದೆಂದರೆ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ ಅಡಿಯ ಡಬ್ಬದಂಥ ಲಾಕರ್‌ನಲ್ಲಿ ತಲೆಕೆಳಗಾಗಿ ನುಗ್ಗಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಒದ್ದಾಡುವುದು. ಆದರೆ ಬ್ಯಾಟರಿ ಮೊದಲು ಹಾಕಿದವರಿಗೆ ಆಗುವುದು ಏನೆಂದರೆ, ಹಳೆಯ ಬ್ಯಾಟರಿ ದುರ್ಬಲವಾಗಿದ್ದ ಕಾರಣಕ್ಕೇ ಇಷ್ಟು ದಿನ ತಲೆ ಎತ್ತದಿದ್ದ ದೋಷಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಸೀಸದ ಬ್ಯಾಟರಿ ತಾನಾಗಿ ಕರೆಂಟು ಹೀರುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಲಿಥಿಯಂ ಮಾಡಿಕೊಳ್ಳುವುದಿಲ್ಲ. ಕೊಟ್ಟಷ್ಟೂ ಹೀರುತ್ತದೆ, ಕೇಳಿದಷ್ಟೂ ಕೊಡುತ್ತದೆ. ದಾರಿಯಲ್ಲಿರುವ ಸಣ್ಣ ವೈರು, ಸಡಿಲ ಲಗ್ (ವೈರಿನ ತುದಿಯ ಲೋಹದ ಉಂಗುರ), ಎಂಜಿನ್‌ನಿಂದ ತಿರುಗಿ ಕರೆಂಟು ಹುಟ್ಟಿಸುವ ಹಳೆಯ ಆಲ್ಟರ್ನೇಟರ್ ಇವುಗಳಲ್ಲಿ ಯಾವುದು ಮೊದಲು ಸುಡುತ್ತದೆ ಅನ್ನುವುದಷ್ಟೇ ಪ್ರಶ್ನೆ. ಹಾಗಾಗಿ ಕೆಲಸ ಉಲ್ಟಾ ಕಡೆಯಿಂದ ಶುರುವಾಗಬೇಕು ಅನ್ನುವುದು ನನ್ನ ವಾದ: ಮೊದಲು ವೈರು, ಆಮೇಲೆ ಫ್ಯೂಸು, ಆಮೇಲೆ ಚಾರ್ಜಿಂಗ್. ಬ್ಯಾಟರಿ ಕೊನೆಗೆ.

ಮನೆ ವೈರಿಂಗ್ ಬಲ್ಲವರಿಗೇ ಹೆಚ್ಚು ತೊಡಕು

ನಮ್ಮಲ್ಲಿ ಬಹಳ ಜನಕ್ಕೆ ಕರೆಂಟಿನ ಅಂದಾಜು ಬಂದಿರುವುದು 230 ವೋಲ್ಟಿನ ಮನೆಯಿಂದ. ಲೈಟಿಗೆ ಒಂದು ಅಥವಾ ಒಂದೂವರೆ ಸ್ಕ್ವೇರ್ ಎಂಎಂ ವೈರು, ಗೀಸರಿಗೆ ನಾಲ್ಕು, ಮುಗಿಯಿತು. ದೋಣಿಯ 12 ವೋಲ್ಟಿನಲ್ಲಿ ಈ ಅಂದಾಜು ಪೂರ್ತಿ ದಾರಿ ತಪ್ಪಿಸುತ್ತದೆ. 1000 ವ್ಯಾಟಿನ ಯಂತ್ರ ಮನೆಯಲ್ಲಿ ನಾಲ್ಕು ಆಂಪ್ ಚಿಲ್ಲರೆ ಎಳೆದರೆ ಇಲ್ಲಿ 83 ಆಂಪ್ ಎಳೆಯುತ್ತದೆ. ಮನೆಯ ವೈರಿನಲ್ಲಿ ಒಂದು ವೋಲ್ಟ್ ಸೋರಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ದೋಣಿಯಲ್ಲಿ ಒಂದು ವೋಲ್ಟ್ ಹೋಯಿತೆಂದರೆ ಶೇ. 8 ಹೋಯಿತು. ಫ್ರಿಜ್ಜಿನ ಕಂಪ್ರೆಸರ್ ಅಷ್ಟಕ್ಕೇ ಬ್ಯಾಟರಿ ಇಳಿದಿದೆ ಎಂದು ತಿಳಿದು ನಿಂತುಬಿಡಬಹುದು. ಬ್ಯಾಟರಿ ತುಂಬಿಯೇ ಇರುತ್ತದೆ. ಮಾಲೀಕ ಹೋಗಿ ಇನ್ನೊಂದು ಬ್ಯಾಟರಿ ಕೊಂಡು ತರುತ್ತಾನೆ.

ಲೆಕ್ಕ ಸುಲಭ. ತಾಮ್ರಕ್ಕೆ 0.0175 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಅದನ್ನು ವೈರಿನ ಉದ್ದ (ಮೀಟರಿನಲ್ಲಿ) ಮತ್ತು ಆಂಪ್‌ನಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಉದ್ದ ಅಂದರೆ ಹೋಗುವ ದಾರಿ ಮತ್ತು ಬರುವ ದಾರಿ ಎರಡೂ ಸೇರಿ. ಅರ್ಧದಷ್ಟು ಜನ ತಪ್ಪುವುದು ಇಲ್ಲೇ, ಪಾಸಿಟಿವ್ ಮಾತ್ರ ಅಳೆದುಬಿಡುತ್ತಾರೆ. ಮುಂತುದಿಯಲ್ಲಿ ಲಂಗರಿನ ಸರಪಳಿ ಎಳೆಯುವ ವಿಂಡ್‌ಲಾಸ್ ಇದೆ ಅನ್ನಿ, ಬ್ಯಾಟರಿಯಿಂದ ಹತ್ತು ಮೀಟರ್ ದೂರ, 80 ಆಂಪ್. ವೈರಿನ ಉದ್ದ ಇಪ್ಪತ್ತು ಮೀಟರ್ ಆಯಿತು. 16 ಸ್ಕ್ವೇರ್ ಹಾಕಿದರೆ 1.75 ವೋಲ್ಟ್ ಹೋಗುತ್ತದೆ, ಮೋಟರು ನರಳುತ್ತದೆ. 35 ಸ್ಕ್ವೇರ್ ಹಾಕಿದರೆ 0.8 ವೋಲ್ಟ್, ಶೇ. 7ರ ಒಳಗೆ. ಅಮೆರಿಕದ ದೋಣಿಗಳಿಗೆ ಎಬಿವೈಸಿ (ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್) ಸಂಸ್ಥೆಯ ಇ-11 ಎಂಬ ಮಾನದಂಡ ಇದೆ. ನ್ಯಾವಿಗೇಷನ್ ದೀಪ, ರೇಡಿಯೋ, ಬಿಲ್ಜ್‌ನ (ದೋಣಿಯ ಒಳತಳದ) ಗಾಳಿ ಹೊರಹಾಕುವ ಬ್ಲೋವರ್‌ನಂಥ ಮುಖ್ಯ ಸರ್ಕ್ಯೂಟಿಗೆ ಶೇ. 3, ಉಳಿದದ್ದಕ್ಕೆ ಶೇ. 10ರವರೆಗೆ ವೋಲ್ಟೇಜ್ ಡ್ರಾಪ್ ಇರಬಹುದು ಎಂಬುದು ಅದರ ಲೆಕ್ಕ. ಫ್ರಿಜ್ಜನ್ನೂ ಮೊದಲ ಗುಂಪಿಗೇ ಸೇರಿಸಿಕೊಳ್ಳುವುದು ಜಾಣತನ. ಐದು ಆಂಪ್, ನಾಲ್ಕು ಮೀಟರ್ ದೂರ, 4 ಸ್ಕ್ವೇರ್ ವೈರು: ಕಳೆಯುವುದು ಕೇವಲ 0.18 ವೋಲ್ಟ್.

ಇದೇ ಲೆಕ್ಕ ಕೆಲವು ಕಡೆ ಕೆಲಸ ಉಳಿಸಲೂಬಹುದು. ಮಾಸ್ಟ್ (ಹಾಯಿಯ ಕಂಬ) ತುದಿಯ ಲಂಗರು ದೀಪಕ್ಕೆ ಹೋಗಿಬರುವ ದಾರಿ ನಲವತ್ತು ಮೀಟರ್ ಇರಬಹುದು. ಹಳೆಯ 25 ವ್ಯಾಟ್ ಬಲ್ಬಿಗೆ ಒಂದೂವರೆ ಸ್ಕ್ವೇರ್ ವೈರಿನಲ್ಲಿ ಸುಮಾರು ಒಂದು ವೋಲ್ಟ್ ಸೋರುತ್ತದೆ. ಬಲ್ಬು ತೆಗೆದು 0.2 ಆಂಪ್‌ನ ಎಲ್‌ಇಡಿ ಹಾಕಿದರೆ ಅದೇ ವೈರಿನಲ್ಲಿ 0.1 ವೋಲ್ಟ್ ಕೂಡ ಹೋಗುವುದಿಲ್ಲ. ವೈರು ಗಟ್ಟಿಯಾಗಿದ್ದರೆ ಮಾಸ್ಟ್ ಇಳಿಸಿ ವೈರು ಎಳೆಯುವ ದೊಡ್ಡ ಕೆಲಸವೇ ಬೇಡ. ಜೊತೆಗೆ ರಾತ್ರಿಯ ಹನ್ನೆರಡು ಗಂಟೆಗೆ 25 ಎಎಚ್ (ಆಂಪ್-ಅವರ್, ಅಂದರೆ ಆಂಪ್ ಗುಣಿಸು ಗಂಟೆ) ನುಂಗುತ್ತಿದ್ದ ದೀಪ ಎರಡೂವರೆಗೆ ಇಳಿಯುತ್ತದೆ. ಅಪ್‌ಗ್ರೇಡ್‌ನಲ್ಲಿ ಇಷ್ಟು ಅಗ್ಗದ ಲಾಭ ಬೇರೆಲ್ಲೂ ಸಿಗುವುದಿಲ್ಲ.

ಕ್ಯಾಟಲಿನಾ 30ರ ಆಮೀಟರ್

ಉದಾಹರಣೆಗೆ ಒಂದೇ ದೋಣಿಯನ್ನು ಹಿಡಿದು ನೋಡೋಣ. ಕ್ಯಾಟಲಿನಾ 30. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ನಡುವಿನಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ತಯಾರಾದವು. ಯಾವ ಮರೀನಾಗೆ ಹೋದರೂ ಒಂದಾದರೂ ಕಾಣುತ್ತದೆ. ಒಳ್ಳೆಯ ದೋಣಿ, ಅಗಲ, ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು. ಅದರ ಹಳೆಯ ಮಾದರಿಗಳ ಎಂಜಿನ್ ವೈರಿಂಗ್‌ನಲ್ಲಿ ಮಾತ್ರ ಒಂದು ಪ್ರಸಿದ್ಧ ಎಡವಟ್ಟಿದೆ.

ಕಾಕ್‌ಪಿಟ್‌ನಲ್ಲಿ ಕೀಲಿ ತಿರುಗಿಸುವ ಪ್ಯಾನೆಲ್‌ನಲ್ಲಿ ಒಂದು ಆಮೀಟರ್ ಇರುತ್ತದೆ. ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡುತ್ತಿದೆ ಎಂದು ತೋರಿಸುವ ಮುಳ್ಳು. ಆ ಮುಳ್ಳು ಅಲ್ಲಾಡಬೇಕಾದರೆ ಕರೆಂಟು ಅದರ ಮೂಲಕವೇ ಹಾಯಬೇಕು. ಹಾಗಾಗಿ ಎಂಜಿನ್ ಪಕ್ಕದಲ್ಲೇ ಬ್ಯಾಟರಿ ಇದ್ದರೂ, ಆಲ್ಟರ್ನೇಟರ್ ಹುಟ್ಟಿಸಿದ್ದಷ್ಟೂ ಹಿಂಬದಿಯ ಪ್ಯಾನೆಲ್‌ವರೆಗೆ ಹೋಗಿ, ಮೀಟರ್ ದಾಟಿ, ಮತ್ತೆ ಎಂಜಿನ್‌ಗೆ ಬಂದು, ಆಮೇಲೆ ಬ್ಯಾಟರಿಗೆ. ವೈರು ಹತ್ತನೇ ಗೇಜ್, ಅಂದರೆ ಐದು ಸ್ಕ್ವೇರ್ ಚಿಲ್ಲರೆ. ದಾರಿಯಲ್ಲಿ ಎರಡು ಕಡೆ ಟ್ರೇಲರ್‌ಗೆ ಹಾಕುವಂಥ ರಬ್ಬರ್ ಪ್ಲಗ್, ಒಂದು ಎಂಜಿನ್ ಬಳಿ, ಇನ್ನೊಂದು ಪ್ಯಾನೆಲ್ ಹಿಂದೆ. ಒಟ್ಟು ಒಂಬತ್ತು ಮೀಟರ್ ಅಂದುಕೊಂಡು 40 ಆಂಪ್‌ಗೆ ಲೆಕ್ಕ ಹಾಕಿದರೆ ವೈರಿನಲ್ಲೇ 1.2 ವೋಲ್ಟ್ ಹೋಯಿತು. ಪ್ಲಗ್ಗುಗಳ ಪಾಲು ಬೇರೆ. ಆಲ್ಟರ್ನೇಟರ್ ತನ್ನ ಬಾಯಲ್ಲಿ 14.2 ಇದೆ ಎಂದು ತೃಪ್ತಿಯಿಂದಿರುತ್ತದೆ, ಬ್ಯಾಟರಿ ಬಳಿ 13 ಮಾತ್ರ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟು ಇಳಿದು ಈ ಅಂತರ ಕಡಿಮೆಯಾಗುತ್ತದೆ ನಿಜ. ಆದರೆ ಮರೀನಾದಿಂದ ಹೊರಡಲು ಇಪ್ಪತ್ತು ನಿಮಿಷ, ವಾಪಸು ಬರಲು ಇಪ್ಪತ್ತು ನಿಮಿಷ ಎಂಜಿನ್ ಓಡಿಸುವ ಹಾಯಿದೋಣಿಯಲ್ಲಿ ಆ ಹಂತ ಬರುವುದೇ ಇಲ್ಲ.

ಆ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಎಂಜಿನ್ ಹಿಂದೆ ಕೈ ಹಾಕಿ ತಡಕಿದರೆ ಹೆಬ್ಬೆರಳು ಗಾತ್ರದ ಕಪ್ಪು ರಬ್ಬರ್ ಗೊಂಚಲು ಸಿಗುತ್ತದೆ. ಎಳೆದರೆ ಬಿಡುವುದಿಲ್ಲ. ತಿರುಚಿ ಬಿಡಿಸಿದಾಗ ಏಳೆಂಟು ಪಿನ್ನುಗಳಲ್ಲಿ ಉಳಿದವು ಮಾಸಲು ಹಿತ್ತಾಳೆ ಬಣ್ಣದಲ್ಲಿದ್ದರೆ ಒಂದು ಮಾತ್ರ ಹಸಿರು ಕಿಲುಬು ಕಟ್ಟಿ, ಅದರ ಸುತ್ತಲಿನ ರಬ್ಬರ್ ಮಿಠಾಯಿಯಂತೆ ಮೆದುವಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅದೇ ಚಾರ್ಜಿಂಗ್ ಪಿನ್ನು. ಅಲ್ಲಿ 0.01 ಓಮ್‌ನಷ್ಟು ಅಡ್ಡಿ ಇದ್ದರೂ 40 ಆಂಪ್‌ಗೆ 16 ವ್ಯಾಟ್ ಶಾಖ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಆ ವೈರಿಗೆ ಫ್ಯೂಸು ಕೂಡ ಇಲ್ಲ. ಇಂಥ ದೋಣಿಗೆ ಲಿಥಿಯಂ ಹಾಕುವುದೆಂದರೆ ಇಷ್ಟು ವರ್ಷ ಆಗೀಗ ಒಂದಿಷ್ಟು ಹೊತ್ತು ಮಾತ್ರ ಹರಿಯುತ್ತಿದ್ದ ಕರೆಂಟನ್ನು ಗಂಟೆಗಟ್ಟಲೆ ಹರಿಸುವುದು.

ರಿಪೇರಿ ಕಷ್ಟದ್ದಲ್ಲ. ಮೊದಲು ಎರಡೂ ಬ್ಯಾಟರಿಯ (ಎಂಜಿನ್ ಸ್ಟಾರ್ಟ್ ಮಾಡುವ ಸ್ಟಾರ್ಟಿಂಗ್ ಬ್ಯಾಟರಿ, ದೀಪ-ಫ್ರಿಜ್ಜಿನ ಬ್ಯಾಟರಿ) ನೆಗೆಟಿವ್ ಬಿಚ್ಚಿ. ಆಲ್ಟರ್ನೇಟರ್‌ನ ಔಟ್‌ಪುಟ್ ಬೋಲ್ಟಿನಿಂದ ಹಳೆಯ ವೈರು ತೆಗೆದು, 25 ಸ್ಕ್ವೇರ್ ಎಂಎಂ ಕೇಬಲ್ ಅನ್ನು ನೇರವಾಗಿ ಸ್ಟಾರ್ಟಿಂಗ್ ಬ್ಯಾಟರಿಯ ಪಾಸಿಟಿವ್‌ಗೆ ತನ್ನಿ. ಮೂರು ಮೀಟರ್ ದೂರವಿದ್ದರೆ ಈಗ 40 ಆಂಪ್‌ಗೆ ಕಳೆಯುವುದು 0.17 ವೋಲ್ಟ್. ಈ ದೋಣಿಗಳ ಯೂನಿವರ್ಸಲ್ ಡೀಸೆಲ್ ಎಂಜಿನ್‌ಗೆ ಸಾಮಾನ್ಯವಾಗಿ 51 ಆಂಪ್ ಆಲ್ಟರ್ನೇಟರ್ ಇರುತ್ತದೆ, ಅದಕ್ಕೆ 80 ಆಂಪ್ ಫ್ಯೂಸು ಸಾಕು. ಫ್ಯೂಸು ಇರಬೇಕಾದದ್ದು ಬ್ಯಾಟರಿ ತುದಿಯಲ್ಲಿ, ಆಲ್ಟರ್ನೇಟರ್ ತುದಿಯಲ್ಲಲ್ಲ. ಕೇಬಲ್ ಉಜ್ಜಿ ಎಂಜಿನ್‌ಗೆ ತಾಗಿದರೆ ಸಾವಿರಾರು ಆಂಪ್ ಸುರಿಯುವುದು ಬ್ಯಾಟರಿ, ಆಲ್ಟರ್ನೇಟರ್ ತನ್ನ ಮಿತಿ ಮೀರಿ ಕೊಡಲಾರದು. ಆಮೀಟರ್ ತೆಗೆದು ಅದೇ ತೂತಿನಲ್ಲಿ ವೋಲ್ಟ್‌ಮೀಟರ್ ಕೂರಿಸಿ, ಕೀಲಿ ಸ್ವಿಚ್‌ನಿಂದ ಒಂದು ಎಳೆ, ನೆಗೆಟಿವ್‌ಗೆ ಒಂದು. ಇಲ್ಲಿ ಒಂದು ಎಚ್ಚರ ಬೇಕು. ಕೀಲಿ ಸ್ವಿಚ್‌ಗೆ ಕರೆಂಟು ಸಿಗುತ್ತಿದ್ದುದೂ ಆ ಆಮೀಟರ್ ದಾರಿಯಿಂದಲೇ. ಎರಡೂ ವೈರು ಕಿತ್ತುಹಾಕಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಕಡೆಯ ವೈರನ್ನು ಫ್ಯೂಸ್ ಹಾಕಿ ಉಳಿಸಿಕೊಂಡು, ಪ್ಲಗ್ಗುಗಳನ್ನು ತೆಗೆದು ಅವುಗಳ ಜಾಗದಲ್ಲಿ ಟರ್ಮಿನಲ್ ಪಟ್ಟಿ ಹಾಕಬೇಕು.

ಸ್ಟಾರ್ಟ್ ಮಾಡುವ ಮುನ್ನ ಡೀಸೆಲ್ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ಗಿನದ್ದೂ ಇದೇ ಕಥೆ. ಮೂರು ಸಿಲಿಂಡರಿನ ಪ್ಲಗ್ಗುಗಳು ಒಟ್ಟಿಗೆ ಮೂವತ್ತು ಆಂಪ್ ಹತ್ತಿರ ಎಳೆಯುತ್ತವೆ, ಅದೂ ಪ್ಯಾನೆಲ್‌ನ ಬಟನ್ ಮೂಲಕ. ಎಂಜಿನ್ ಪಕ್ಕದಲ್ಲಿ ಒಂದು ಸೊಲೆನಾಯ್ಡ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಕೂರಿಸಿ, ದಪ್ಪ ವೈರಿನಿಂದ ಅದಕ್ಕೆ ಕರೆಂಟು ಕೊಟ್ಟು, ಬಟನ್ನಿನಿಂದ ಸೊಲೆನಾಯ್ಡ್ ಮಾತ್ರ ಎಳೆಯುವಂತೆ ಮಾಡಿದರೆ ಪ್ಲಗ್ಗು ಬೇಗ ಕಾಯುತ್ತದೆ. ಹಳೆಯ ಅಭ್ಯಾಸದಂತೆ ಅರ್ಧ ನಿಮಿಷ ಬಟನ್ ಒತ್ತಿ ಹಿಡಿಯಬೇಡಿ. ಈಗ ಹತ್ತು-ಹದಿನೈದು ಸೆಕೆಂಡು ಸಾಕು, ಹೆಚ್ಚಾದರೆ ಪ್ಲಗ್ಗೇ ಸುಟ್ಟುಹೋಗುತ್ತದೆ.

(ಪೆಟ್ರೋಲಿನ ಆಟಾಮಿಕ್ 4 ಎಂಜಿನ್ ಇರುವ ಇನ್ನೂ ಹಳೆಯ ಮಾದರಿಗಳಲ್ಲಿ ಎಂಜಿನ್ ಜಾಗದಲ್ಲಿ ಕೂರಿಸುವ ಪ್ರತಿ ಸ್ವಿಚ್, ರಿಲೇ, ಫ್ಯೂಸ್‌ಹೋಲ್ಡರ್ ಮೇಲೂ ‘ಇಗ್ನಿಷನ್ ಪ್ರೊಟೆಕ್ಟೆಡ್’ ಎಂದು ಇರಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ಕೂತಿರುತ್ತದೆ. ಒಂದು ಕಿಡಿ ಸಾಕು.)

ತಾಮ್ರಕ್ಕೆ ಕಲಾಯಿ

ದೋಣಿಯ ವೈರು ಅಂದರೆ ಕಲಾಯಿ ಹಾಕಿದ ತಾಮ್ರದ, ಸಣ್ಣ ಸಣ್ಣ ಎಳೆಗಳ ವೈರು. ಮನೆಯ ಒಂಟಿಕಡ್ಡಿ ವೈರು ಇಲ್ಲಿ ನಡೆಯುವುದಿಲ್ಲ. ಅಲೆಗೆ, ಎಂಜಿನ್ ನಡುಕಕ್ಕೆ ಮುರಿಯುತ್ತದೆ. ಕಾರಿನ ಎಳೆವೈರು ಮುರಿಯದಿದ್ದರೂ ಕಲಾಯಿ ಇಲ್ಲದ್ದರಿಂದ ಉಪ್ಪಿನ ತೇವ ತುದಿಯಿಂದ ಒಳಗೆ ಹತ್ತಿಕೊಂಡು ಹೋಗುತ್ತದೆ. ಹಳೆಯ ವೈರಿನ ಕವಚ ಅರ್ಧ ಇಂಚು ಸುಲಿದಾಗ ತಾಮ್ರ ಕಪ್ಪಗೆ ಕಂಡರೆ ಇನ್ನೊಂದು ಇಂಚು ಸುಲಿಯಿರಿ. ಅಲ್ಲೂ ಕಪ್ಪೇ? ಹಾಗಾದರೆ ಆ ವೈರು ತೆಗೆಯುವುದೇ. ಕಪ್ಪು ತಾಮ್ರವನ್ನು ಉಜ್ಜಿ ಹೊಸ ಲಗ್ ಹಾಕಿದರೆ ಒಂದು ಸೀಸನ್ ಓಡೀತು, ಅಷ್ಟೇ.

ಜಾಯಿಂಟಿನ ವಿಚಾರಕ್ಕೆ ಬಂದರೆ ನಮ್ಮ ಕಡೆ ಬೆಸುಗೆ ಹಾಕಿದರೆ ಗಟ್ಟಿ ಎಂಬ ನಂಬಿಕೆ ಇದೆ. ದೋಣಿಯಲ್ಲಿ ಬೆಸುಗೆಯೊಂದನ್ನೇ ನಂಬಬಾರದು. ಬೆಸುಗೆ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಅಷ್ಟುದ್ದ ವೈರನ್ನು ಕಡ್ಡಿ ಮಾಡಿಬಿಡುತ್ತದೆ. ಕಡ್ಡಿ ಮುಗಿದು ಮೆದು ವೈರು ಶುರುವಾಗುವ ಜಾಗದಲ್ಲೇ ನಡುಕಕ್ಕೆ ತುಂಡಾಗುತ್ತದೆ. ವೈರು ಅತಿಯಾಗಿ ಕಾದರೆ ಬೆಸುಗೆ ಕರಗಿ ಲಗ್ ಕಳಚಿಕೊಳ್ಳುತ್ತದೆ. ಸರಿಯಾದ ದಾರಿ ಕ್ರಿಂಪ್, ಅಂದರೆ ಲಗ್ಗನ್ನು ವೈರಿನ ಮೇಲೆ ಒತ್ತಿ ಕಚ್ಚಿಸುವುದು. ಸಣ್ಣ ಟರ್ಮಿನಲ್‌ಗೆ ರ‍್ಯಾಚೆಟ್ ಕ್ರಿಂಪರ್, ಪೂರ್ತಿ ಒತ್ತುವವರೆಗೆ ಬಿಡದಂಥದ್ದು. ಬ್ಯಾಟರಿ ಕೇಬಲ್ಲಿನ ಲಗ್‌ಗೆ ಆರು ಮೂಲೆಯ ಡೈ ಇರುವ ಹೈಡ್ರಾಲಿಕ್ ಕ್ರಿಂಪರ್. ಸುತ್ತಿಗೆಯಿಂದ ಹೊಡೆದು ಕೂರಿಸುವ ಅಗ್ಗದ ಸಾಧನದಲ್ಲಿ ಒಳಗೆ ಗಾಳಿ ಉಳಿಯುತ್ತದೆ, ಗಾಳಿ ಇದ್ದಲ್ಲಿ ತೇವ, ತೇವ ಇದ್ದಲ್ಲಿ ಕಿಲುಬು. ಕ್ರಿಂಪ್ ಆದಮೇಲೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದಂತೆ ಹೊರಬರಬೇಕು. ಬರದಿದ್ದರೆ ನೀರು ಹೋಗುವ ದಾರಿ ಉಳಿದಿದೆ ಎಂದೇ ಅರ್ಥ. ಆಮೇಲೆ ಜೋರಾಗಿ ಎಳೆದು ನೋಡಿ. ಕೈಯಲ್ಲಿ ಎಳೆದರೆ ಬರುವ ಲಗ್ ಸಮುದ್ರದಲ್ಲಿ ತಾನಾಗಿ ಬರುತ್ತದೆ.

ಹಳೆಯ ದೋಣಿಯ ಯಾವ ವೈರು ಬದಲಿಸಬೇಕು, ಯಾವುದು ಬಿಡಬಹುದು ಎಂದು ಕಣ್ಣಿನಿಂದ ಹೇಳಲಾಗದು. ಮಲ್ಟಿಮೀಟರ್ ಹೇಳುತ್ತದೆ, ಆದರೆ ಸರಿಯಾಗಿ ಕೇಳಬೇಕು. ಉಪಕರಣ ಆಫ್ ಇದ್ದಾಗ ಎಷ್ಟೇ ಕೆಟ್ಟ ವೈರಿನ ತುದಿಯಲ್ಲೂ 12.6 ತೋರಿಸುತ್ತದೆ, ಕರೆಂಟು ಹರಿಯದೆ ವೋಲ್ಟ್ ಸೋರುವುದಿಲ್ಲ. ಉಪಕರಣ ಆನ್ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದನ್ನು ಉಪಕರಣದ ಪಾಸಿಟಿವ್ ಮೇಲೆ ಇಡಿ. ತೋರುವ ಅಂಕಿಯೇ ಆ ದಾರಿಯಲ್ಲಿ ಕಳೆದದ್ದು. ನೆಗೆಟಿವ್‌ನಲ್ಲೂ ಹಾಗೇ ಮಾಡಿ. ವಿಎಚ್‌ಎಫ್ ರೇಡಿಯೋವನ್ನು ಹೀಗೆ ಪರೀಕ್ಷಿಸುವಾಗ ಕೇಳುವ ಸ್ಥಿತಿಯಲ್ಲಿ ಅಳೆಯಬೇಡಿ. 25 ವ್ಯಾಟಿನಲ್ಲಿ ಮಾತಾಡುವಾಗಲೇ ಅದು ಐದಾರು ಆಂಪ್ ಎಳೆಯುವುದು. ಸಹಾಯಕ್ಕೆ ಕೂಗುವಾಗ ಸತ್ತುಹೋಗುವ ರೇಡಿಯೋಗಳಲ್ಲಿ ಅನೇಕ ಸಲ ರೇಡಿಯೋದ್ದೇ ತಪ್ಪಿರುವುದಿಲ್ಲ.

ಫ್ಯೂಸು ಕಾಯುವುದು ವೈರನ್ನು

ಫ್ಯೂಸು ಉಪಕರಣವನ್ನು ಕಾಪಾಡಲು ಇದೆ ಎಂದುಕೊಂಡವರು ಬಹಳ. ಅದು ಇರುವುದು ವೈರಿಗಾಗಿ. 2.5 ಸ್ಕ್ವೇರ್ ವೈರಿಗೆ 15 ಆಂಪ್ ಫ್ಯೂಸು ಎಂದು ವೈರಿನ ಲೆಕ್ಕದಲ್ಲಿ ಹಾಕಬೇಕು. ಉಪಕರಣಕ್ಕೆ ಅದಕ್ಕಿಂತ ಸಣ್ಣದು ಬೇಕಿದ್ದರೆ ಅದರ ಪಕ್ಕದಲ್ಲಿ ಇನ್ನೊಂದು. ಇ-11ರ ಪ್ರಕಾರ ಫ್ಯೂಸು ಕರೆಂಟಿನ ಮೂಲದಿಂದ ಏಳು ಇಂಚಿನ ಒಳಗಿರಬೇಕು. ಬ್ಯಾಟರಿಗೆ ನೇರ ಜೋಡಿಸಿದ ವೈರು ಉದ್ದಕ್ಕೂ ಕೊಳವೆಯ ಒಳಗಿದ್ದರೆ 72 ಇಂಚಿನವರೆಗೆ ಬಿಡುತ್ತಾರೆ. ಸ್ಟಾರ್ಟರ್ ಮೋಟರಿನ ಕೇಬಲ್ಲಿಗೆ ಮಾತ್ರ ವಿನಾಯಿತಿ ಇದೆ.

ಲಿಥಿಯಂ ಬರುವುದಿದ್ದರೆ ಫ್ಯೂಸಿನ ಆಂಪ್ ಎಷ್ಟು ಎಂಬುದರ ಜೊತೆ ಅದು ಎಷ್ಟು ದೊಡ್ಡ ಶಾರ್ಟ್ ಅನ್ನು ಕಡಿಯಬಲ್ಲದು ಎಂಬುದೂ ಮುಖ್ಯ. ಲಿಥಿಯಂ ಬ್ಯಾಟರಿಯ ಒಳಗಿನ ಅಡ್ಡಿ ತೀರಾ ಕಡಿಮೆ. ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪ್ ಹರಿಯುತ್ತದೆ. ಸಾಮಾನ್ಯ ಫ್ಯೂಸಿನ ಪಟ್ಟಿ ಕರಗಿದ ಮೇಲೂ ಕಿಡಿ ಸೇತುವೆ ಕಟ್ಟಿಕೊಂಡು ಕರೆಂಟು ಹರಿಯುತ್ತಲೇ ಇರಬಹುದು. ಎಎನ್‌ಎಲ್ ಮಾದರಿಯದು 6,000 ಆಂಪ್‌ವರೆಗೆ ಕಡಿಯುತ್ತದೆ, ಕ್ಲಾಸ್ ಟಿ ಎಂಬುದು 20,000. ಬ್ಯಾಟರಿ ಬ್ಯಾಂಕಿನ ಮುಖ್ಯ ಫ್ಯೂಸು ಕ್ಲಾಸ್ ಟಿ ಆಗಿರಲಿ. ಬೆಲೆ ಜಾಸ್ತಿ, ಅದರ ಚೌಕಾಸಿ ಬೇಡ.

ಬಿಲ್ಜ್ ಪಂಪ್ ಮುಖ್ಯ ಸ್ವಿಚ್‌ಗೆ ಮೊದಲೇ, ಬ್ಯಾಟರಿಯಿಂದ ನೇರ. ಎಲ್ಲ ಆಫ್ ಮಾಡಿ ಮನೆಗೆ ಹೋದಾಗಲೂ ನೀರು ಒಳಬಂದರೆ ಅದು ಓಡಬೇಕಲ್ಲ. ಆದರೆ ಅದಕ್ಕೂ ಫ್ಯೂಸು ಬೇಕು, ಪಂಪಿನ ಮೇಲೆ ಬರೆದಷ್ಟೇ. ಕಸ ಸಿಕ್ಕಿ ಚಕ್ರ ನಿಂತುಹೋದಾಗ ಮೋಟರು ಹಲವು ಪಟ್ಟು ಕರೆಂಟು ಎಳೆಯುತ್ತ ಬಿಸಿಯಾಗುತ್ತದೆ. ‘ಆಗಾಗ ಹೋಗ್ತಿತ್ತು, ಅದಕ್ಕೆ ದೊಡ್ಡದು ಹಾಕಿದೆ’ ಎಂದು ಯಾರೋ ಹಾಕಿದ ದೊಡ್ಡ ಫ್ಯೂಸು ಆಗ ಸುಮ್ಮನೆ ನೋಡುತ್ತ ಕೂರುತ್ತದೆ.

ನೆಗೆಟಿವ್ ಕಡೆ ಕೆಲಸ ಕಡಿಮೆ, ಆದರೂ ಅಲ್ಲಿಯೇ ಗೋಜಲು ಹೆಚ್ಚು. ಎಲ್ಲ ನೆಗೆಟಿವ್‌ಗಳನ್ನೂ ಒಂದು ಬಸ್‌ಬಾರ್‌ಗೆ (ವೈರುಗಳೆಲ್ಲ ಸೇರುವ ಲೋಹದ ಪಟ್ಟಿಗೆ) ತಂದು, ಅಲ್ಲಿಂದ ಶಂಟ್ ಮೂಲಕ ಬ್ಯಾಟರಿಗೆ ಒಂದೇ ಕೇಬಲ್ ಹೋಗಬೇಕು. ಶಂಟ್ ಎಂಬುದು ಒಳಹೋದ ಹೊರಬಂದ ಆಂಪ್‌ಗಳ ಲೆಕ್ಕ ಬರೆಯುವ ಗುಮಾಸ್ತ. ಸೋಲಾರಿನ ನೆಗೆಟಿವ್ ಅನ್ನೋ ಬಿಲ್ಜ್ ಪಂಪಿನದನ್ನೋ ಅದನ್ನು ತಪ್ಪಿಸಿ ನೇರ ಬ್ಯಾಟರಿಗೆ ಕಟ್ಟಿದರೆ ಲೆಕ್ಕವೆಲ್ಲ ಸುಳ್ಳು. ಲಿಥಿಯಂನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅದರ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಸೀಸದ ಬ್ಯಾಟರಿ 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಲಿಥಿಯಂ ಹೆಚ್ಚೂಕಡಿಮೆ 13ರ ಆಸುಪಾಸಿನಲ್ಲೇ ಇದ್ದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ.

ಈಗ ಬ್ಯಾಟರಿ

ಮೊದಲು ದಿನದ ಖರ್ಚು ಬರೆದುಕೊಳ್ಳಿ. ಮೂವತ್ತಡಿ ದೋಣಿಯಲ್ಲಿ ಫ್ರಿಜ್ 45ರಿಂದ 55 ಎಎಚ್, ಆಟೋಪೈಲಟ್ ಎಂಟು ಗಂಟೆಗೆ 20, ಫೋನು-ಲ್ಯಾಪ್‌ಟಾಪ್ 15, ದೀಪ, ರೇಡಿಯೋ, ಇತರೆ ಹತ್ತರ ಮೇಲೆ. ನೂರು ಅಂದುಕೊಳ್ಳಿ. ಮನೆಯ ಯುಪಿಎಸ್‌ನ ಟ್ಯೂಬ್ಯುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸ ಇರುವವರಿಗೆ ಸೀಸದ ಸ್ವಭಾವ ಗೊತ್ತೇ ಇದೆ: ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಕಡಿಮೆ, ಕೊನೆಯ ಶೇ. 20 ತುಂಬಲು ಗಂಟೆಗಟ್ಟಲೆ. ಮನೆಯಲ್ಲಿ ಕರೆಂಟು ಬಂದಮೇಲೆ ಇಡೀ ದಿನ ಚಾರ್ಜ್ ಆಗುತ್ತದೆ. ಹಾಯಿದೋಣಿಯಲ್ಲಿ ಯಾರೂ ಬ್ಯಾಟರಿಗಾಗಿ ಐದು ಗಂಟೆ ಎಂಜಿನ್ ಓಡಿಸುವುದಿಲ್ಲ, ಹಾಗಾಗಿ ಅದು ಎಂದೂ ಪೂರ್ತಿ ತುಂಬದೆ ಒಳಗೆ ಸಲ್ಫೇಟ್ ಕಟ್ಟಿ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಹಾಯಿದೋಣಿಗೆ ಒಪ್ಪುವುದು ಈ ಕಾರಣಕ್ಕೆ. ತೂಕ ಕಡಿಮೆ ಎಂಬುದು ಎರಡನೆಯ ಮಾತು. ಅದು ಅರೆಬರೆ ತುಂಬಿದ ಸ್ಥಿತಿಯಲ್ಲೇ ಆರಾಮಾಗಿರುತ್ತದೆ, ಶೇ. 95ರವರೆಗೂ ಒಂದೇ ವೇಗದಲ್ಲಿ ಹೀರುತ್ತದೆ. 200 ಎಎಚ್ ಇದ್ದರೆ 160 ನಿಜವಾಗಿಯೂ ಬಳಸಬಹುದು.

ಆ ಹೀರುವ ಗುಣವೇ ಆಲ್ಟರ್ನೇಟರಿಗೆ ಕಂಟಕ. 51 ಆಂಪ್ ಎಂದು ಬರೆದಿರುವುದು ತಣ್ಣಗಿದ್ದಾಗಿನ ಮಾತು. ಬಿಸಿಯಾದ ಮೇಲೆ 38-40. ಬಿಡುವಿಲ್ಲದೆ ಪೂರ್ತಿ ದುಡಿಸಿದರೆ ಡಯೋಡ್ ಸುಡುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಇನ್ನೂ ಅಪಾಯ, ಫ್ಯಾನ್ ಕೂಡ ನಿಧಾನ ತಿರುಗುತ್ತಿರುತ್ತದೆ. ಇನ್ನೊಂದು ಅಪಾಯ ತಟ್ಟನೆ ಬರುವಂಥದ್ದು. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳ ಕಾವಲಿಗಿರುವ ಸರ್ಕ್ಯೂಟ್) ಯಾವುದೋ ಸೆಲ್ ಮಿತಿ ಮೀರಿತೆಂದು ಸಂಪರ್ಕ ಕಡಿದರೆ, ಪೂರ್ಣ ವೇಗದಲ್ಲಿದ್ದ ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಜಾಗವಿಲ್ಲ. ವೋಲ್ಟೇಜ್ ನೆಗೆದು ಡಯೋಡನ್ನೂ, ಜೊತೆಗೆ ಆ ಹೊತ್ತಿಗೆ ಆನ್ ಇದ್ದ, ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರನ್ನೂ ಕೊಲ್ಲುತ್ತದೆ. ಒಂದು ಬ್ಯಾಟರಿಯನ್ನೋ ಎರಡನ್ನೂ ಒಟ್ಟಿಗೋ ಆರಿಸುವ ಹಳೆಯ ‘1-2-ಬೋತ್’ ಸ್ವಿಚ್ಚನ್ನು ಎಂಜಿನ್ ಓಡುತ್ತಿರುವಾಗ ಆಫ್‌ಗೆ ತಿರುಗಿಸಿದರೂ ಇದೇ ಆಗುವುದು.

ಸಣ್ಣ ದೋಣಿಗೆ ಸರಳ ಪರಿಹಾರ ಡಿಸಿ-ಡಿಸಿ ಚಾರ್ಜರ್. ಆಲ್ಟರ್ನೇಟರ್ ಎಂದಿಗೂ ಸೀಸದ ಸ್ಟಾರ್ಟಿಂಗ್ ಬ್ಯಾಟರಿಗೇ ಅಂಟಿಕೊಂಡಿರಲಿ. ಅಲ್ಲಿಂದ 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಲಿಥಿಯಂಗೆ ತುಂಬಲಿ. ಅದು ಈ ಕಡೆಯಿಂದ 34 ಆಂಪ್ ಹತ್ತಿರ ಎಳೆಯುತ್ತದೆ, 51ರ ಆಲ್ಟರ್ನೇಟರ್ ತಡೆಯುತ್ತದೆ. ಬಿಎಂಎಸ್ ಕಡಿದುಕೊಂಡರೂ ಆಲ್ಟರ್ನೇಟರಿಗೆ ಸೀಸದ ಬ್ಯಾಟರಿಯ ಆಸರೆ ಉಳಿಯುತ್ತದೆ. ದಿನಕ್ಕೆ ನೂರು ಎಎಚ್ ಬೇಕಾದವರು ಇದಕ್ಕಿಂತ ದೊಡ್ಡ ಆಲ್ಟರ್ನೇಟರ್, ತಾಪಮಾನ ನೋಡಿ ಇಳಿಸುವ ಹೊರಗಿನ ರೆಗ್ಯುಲೇಟರ್ ಹಾಕಬಹುದು. ಆದರೆ ಆಗ ಒಂಟಿ ಬೆಲ್ಟ್ ಸಾಲದೆ ಪುಲ್ಲಿ ಬದಲಿಸಬೇಕಾಗುತ್ತದೆ. ಅದಕ್ಕಿಂತ 200 ವ್ಯಾಟ್ ಸೋಲಾರ್ ಮೇಲು ಅನ್ನುವುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ಐದು ಗಂಟೆಯ ಗಟ್ಟಿ ಬಿಸಿಲೆಂದು ಹಿಡಿದು, ಶೇ. 30 ನಷ್ಟ ಕಳೆದರೂ ದಿನಕ್ಕೆ 55 ಎಎಚ್ ಬರುತ್ತದೆ, ಸದ್ದಿಲ್ಲದೆ. ಎರಡು ಪ್ಯಾನೆಲ್ ಇದ್ದರೆ ಸಮಾನಾಂತರವಾಗಿ ಜೋಡಿಸಿ. ಬೂಮ್‌ನ (ಹಾಯಿಯ ಅಡಿಯ ಅಡ್ಡಗೋಲಿನ) ನೆರಳು ಒಂದರ ಮೇಲೆ ಬಿದ್ದಾಗ ಇನ್ನೊಂದಾದರೂ ದುಡಿಯಲಿ.

ಚಾರ್ಜರುಗಳಲ್ಲಿ 14.2ರಿಂದ 14.4 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟ್) 13.5 ಹಾಕಿ. ಸೀಸದ ಬ್ಯಾಟರಿಗೆಂದು ಇರುವ ಈಕ್ವಲೈಸ್ ಆಯ್ಕೆ ಕಡ್ಡಾಯವಾಗಿ ಆಫ್ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು. ಈ ಕೊಲ್ಲಿಯಲ್ಲಿ ಅದರ ಚಿಂತೆ ಅಷ್ಟಿಲ್ಲ, ಉತ್ತರದ ತಣ್ಣಗಿನ ಊರಿನವರಿಗೆ ಇದೆ. ಎರಡು ಲಿಥಿಯಂ ಬ್ಯಾಟರಿಯನ್ನು ಸಮಾನಾಂತರವಾಗಿ ಸೇರಿಸುವಾಗ ಪಾಸಿಟಿವ್ ಒಂದರಿಂದ, ನೆಗೆಟಿವ್ ಇನ್ನೊಂದರಿಂದ ತೆಗೆಯಿರಿ, ಆಗ ಇಬ್ಬರೂ ಸಮ ದುಡಿಯುತ್ತಾರೆ. ವಿಮೆ ಇದ್ದರೆ ಕೆಲಸ ಶುರುಮಾಡುವ ಮೊದಲೇ ಕಂಪನಿಗೆ ಒಂದು ಮಾತು ಕೇಳಿ. ಲಿಥಿಯಂ ಅಂದರೆ ಕೆಲವರು ಎಬಿವೈಸಿಯ ಲಿಥಿಯಂ ಮಾನದಂಡವಾದ ಇ-13 ಪ್ರಕಾರ ಆಗಿದೆಯೇ ಎಂದು ಕಾಗದ ಕೇಳುತ್ತಾರೆ.

ದಡದ ಕರೆಂಟಿನ ಬಗ್ಗೆ ನಾನು ಉದ್ದಕ್ಕೆ ಬರೆಯುವುದಿಲ್ಲ. 120 ವೋಲ್ಟಿನ ಆ ಭಾಗವನ್ನು ಬಲ್ಲವರಿಗೇ ಬಿಡಿ. ಒಂದು ಮಾತ್ರ: ನೀರಿನೊಳಗಿನ ಲೋಹವನ್ನು ಉಳಿಸಲು ತಾನು ಸವೆಯುವ ಝಿಂಕ್ ತುಂಡು ಬೇಗ ಸವೆಯುತ್ತದೆಂದು ಅರ್ಥ್ ವೈರು ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದನ್ನು ಕತ್ತರಿಸಿದರೆ ಒಳಗೆ ಸೋರಿಕೆಯಾದ ಕರೆಂಟು ನೀರಿಗಿಳಿಯುತ್ತದೆ, ಸಿಹಿನೀರಿನ ಮರೀನಾಗಳಲ್ಲಿ ಈಜುತ್ತಿದ್ದವರು ಇದರಿಂದ ಸತ್ತಿದ್ದಾರೆ. ಝಿಂಕ್ ಸವೆತಕ್ಕೆ ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಡಬ್ಬಿಯೇ ಇದೆ.

ಎಲ್ಲ ಮುಗಿದ ಮೇಲೆ

ಎಲ್ಲ ಉಪಕರಣ ಆನ್ ಮಾಡಿ, ಎಂಜಿನ್ ಅರ್ಧ ಗಂಟೆ ಓಡಿಸಿ, ಪ್ರತಿ ಲಗ್, ಪ್ರತಿ ಫ್ಯೂಸ್‌ಹೋಲ್ಡರ್‌ನ ಶಾಖವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. ಪಕ್ಕದ್ದಕ್ಕಿಂತ ಒಂದು ಬಿಸಿ ಇದ್ದರೆ ಅದನ್ನು ಬಿಚ್ಚಿ ಮತ್ತೆ ಮಾಡಬೇಕು. ಒಂದು ಸ್ಟಡ್ ಮೇಲೆ ನಾಲ್ಕಕ್ಕಿಂತ ಹೆಚ್ಚು ಲಗ್ ಬೇಡ, ಹೆಚ್ಚು ಕರೆಂಟಿನದು ತಳದಲ್ಲಿರಲಿ, ಲಗ್ಗಿನ ಕೆಳಗೆ ವಾಷರ್ ಸಿಕ್ಕಿಸಬೇಡಿ. ದಿಕ್ಸೂಚಿಯ ಬಳಿ ಹಾಯುವ ಎರಡು ವೈರನ್ನು ಒಂದಕ್ಕೊಂದು ಹೆಣೆದುಬಿಡಿ, ಇಲ್ಲದಿದ್ದರೆ ದೀಪ ಹಾಕಿದಾಗೊಮ್ಮೆ ಉತ್ತರ ಸರಿಯುತ್ತದೆ. ಮೊದಲ ಬಾರಿ ಒರಟು ಸಮುದ್ರಕ್ಕೆ ಹೋಗಿ ಬಂದಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.

ತಿಂಗಳುಗಟ್ಟಲೆ ಬಿಟ್ಟು ಹೋಗುವುದಿದ್ದರೆ ಲಿಥಿಯಂ ಅರ್ಧ ತುಂಬಿರಲಿ, ದಡದ ಚಾರ್ಜರ್ ಆಫ್ ಇರಲಿ. ನೂರಕ್ಕೆ ನೂರು ತುಂಬಿ ಇಡೀ ಚಳಿಗಾಲ ಚಾರ್ಜರಿಗೆ ನೇತುಹಾಕಿದರೆ ಅದು ಮುಪ್ಪಾಗುತ್ತದೆ. ಆಗ ಬಿಲ್ಜ್ ಪಂಪ್ ಯಾವ ಬ್ಯಾಟರಿಯಲ್ಲಿರಬೇಕು ಎಂಬುದರಲ್ಲಿ ಎರಡು ಮತವಿದೆ. ದೊಡ್ಡ ಬ್ಯಾಂಕಿನಲ್ಲಿದ್ದರೆ ಹೆಚ್ಚು ಹೊತ್ತು ಓಡುತ್ತದೆ ಎನ್ನುವವರು ಬಹಳ. ನಾನು ಸೀಸದ ಸ್ಟಾರ್ಟಿಂಗ್ ಬ್ಯಾಟರಿಯ ಕಡೆ. ಹತ್ತು-ಇಪ್ಪತ್ತು ವ್ಯಾಟಿನ ಪುಟ್ಟ ಸೋಲಾರ್ ಪ್ಯಾನೆಲ್ಲನ್ನು ಸಣ್ಣ ಚಾರ್ಜ್ ಕಂಟ್ರೋಲರ್ ಮೂಲಕ ಅದಕ್ಕೆ ಕಟ್ಟಿಬಿಟ್ಟರೆ ಅದು ಇಳಿಯುವುದಿಲ್ಲ, ಯಾರೂ ಇಲ್ಲದ ಹೊತ್ತಿನಲ್ಲಿ ತಾನಾಗಿ ಕಡಿದುಕೊಳ್ಳುವ ಬಿಎಂಎಸ್ ಅದರಲ್ಲಿಲ್ಲ.